ಬಿಸ್ಕತ್ತಿನ ಡಬ್ಬಿಯ ನಾನೂರ ಹದಿನೇಳು

ಆಕೆ ಮೀನು ಮಾರುತ್ತಾರೆ ಎಂದು ನಾನು ಹೆಚ್ಚೂಕಡಿಮೆ ಎರಡು ವರ್ಷ ನಂಬಿದ್ದೆ.

ಸುಮ್ಮಸುಮ್ಮನೆ ನಂಬಿದ್ದಲ್ಲ. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ತಾಯಿಯ ಜೊತೆ ಇದ್ದ ಆ ಹೆಂಗಸು ಭಾನುವಾರವೆನ್ನದೆ ರಜೆಯೆನ್ನದೆ ಬೆಳಗ್ಗೆ ಆರೂವರೆಗೆ ಮನೆ ಬಿಡುತ್ತಿದ್ದರು. ಸಂಜೆ ಅವರು ಮೆಟ್ಟಿಲು ಹತ್ತಿದರೆ ಅವರ ಹಿಂದೆ ಒಂದು ವಾಸನೆಯೂ ಹತ್ತುತ್ತಿತ್ತು. ಯಾವುದೋ ಗಂಜಿಯನ್ನು ಬೇಯಿಸಿ, ಮೂರು ದಿನ ಮರೆತು, ಮತ್ತೆ ಬೇಯಿಸಿದ ಹಾಗಿನ ವಾಸನೆ. ಬೆರಳ ತುದಿಗಳು ಸದಾ ಒಣಗಿ ಬಿರಿದಿರುತ್ತಿದ್ದವು. ಇಷ್ಟು ಸಾಕ್ಷ್ಯ ಸಿಕ್ಕ ಮೇಲೆ ಯಾವ ಪತ್ತೇದಾರನಾದರೂ ಎಲ್ಲಿಗೆ ಬಂದು ನಿಲ್ಲುತ್ತಾನೋ ನಾನೂ ಅಲ್ಲಿಗೇ ಬಂದು ನಿಂತಿದ್ದೆ. ಆಗ ನಾನು ನಿವಾಸಿಗಳ ಸಂಘದ ಕಾರ್ಯದರ್ಶಿಯಾಗಿ ಹೊಸದಾಗಿ ಆಯ್ಕೆಯಾಗಿದ್ದೆ. ಎದುರು ನಿಂತವರು ಯಾರೂ ಇರಲಿಲ್ಲ, ಆದರೂ ಆಯ್ಕೆ ಆಯ್ಕೆಯೇ. ಸಂಘದ ರಬ್ಬರ್ ಮೊಹರನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ ಕಾಲ.

ಒಂದು ಶನಿವಾರ ಮಧ್ಯಾಹ್ನ ಆಕೆ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ಎದೆಗೆ ಅವುಚಿಕೊಂಡು ಗೇಟಿನೊಳಗೆ ಬಂದರು. ನನ್ನ ತನಿಖೆ ಅಲ್ಲಿಗೆ ಮುಗಿಯಿತು. ವಸತಿ ಕಟ್ಟಡದಲ್ಲಿ ವ್ಯಾಪಾರ ಕೂಡದೆಂಬ ನಿಯಮವನ್ನು ನೋಟೀಸಾಗಿ ಬರೆದು, ಎರಡು ಕಡೆ ಮೊಹರು ಒತ್ತಿ, ಹೋಗಿ ಬಾಗಿಲು ತಟ್ಟಿದೆ. ತೆರೆದದ್ದು ಆಕೆಯ ತಾಯಿ. ಹಿಡಿಯಷ್ಟು ದೇಹ, ಮೂಗಿನ ತುದಿಯಲ್ಲಿ ಕನ್ನಡಕ.

“ಏನಪ್ಪಾ?”

“ಮೀನಿನ ವಿಷಯ ಸ್ವಲ್ಪ ಮಾತಾಡ್ಬೇಕಿತ್ತು.”

“ನಮಗೆ ಬೇಡಪ್ಪ, ಮೊನ್ನೆ ತಾನೇ ತಂದಿದೀವಿ,” ಎಂದು ಬಾಗಿಲು ಹಾಕಿಕೊಂಡರು.

ಎರಡನೆಯ ಸಲ ತಟ್ಟಿದಾಗ ಮಗಳೇ ಬಂದರು. ನೋಟೀಸನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ನಗಲಿಲ್ಲ. ಒಳಗೆ ಕರೆದು ಊಟದ ಮೇಜಿನ ಮೇಲಿದ್ದ ಪೆಟ್ಟಿಗೆಯ ಮುಚ್ಚಳ ತೆಗೆದರು. ಒಳಗೆ ಹೆಬ್ಬೆರಳು ಗಾತ್ರದ ಗಾಜಿನ ಸೀಸೆಗಳು, ಒಂದೊಂದಕ್ಕೂ ಕರಿ ಮುಚ್ಚಳ, ಬಿಳಿ ಪಟ್ಟಿ, ಪಟ್ಟಿಯ ಮೇಲೆ ಒಂದು ಸಂಖ್ಯೆ. ಅರವತ್ತು ಇದ್ದವಂತೆ.

“ಮೀನಲ್ಲ ಸಾರ್. ಬ್ಯಾಕ್ಟೀರಿಯಾ.”

ನಾನು ಗೋಡೆಗೆ ಅಂಟಿಕೊಂಡೆ. ಮೀನೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಗಳಿಗೆಯಲ್ಲಿ ಅನ್ನಿಸಿದ್ದು ಸುಳ್ಳಲ್ಲ.

“ಹೆದರ್ಬೇಡಿ. ಇವು ಪಾಪದವು. ನಿಮ್ಮ ಹೊಟ್ಟೆಯಲ್ಲಿ ಇದಕ್ಕಿಂತ ಕೆಟ್ಟವು ಇದಾವೆ.”

“ನನ್ನ ಹೊಟ್ಟೇಲಾ?”

“ಕೋಟಿಗಟ್ಟಲೆ. ಅವಕ್ಕೂ ಒಂದು ನೋಟೀಸು ಕೊಡಿ.”

ಆಮೇಲೆ ಆಕೆಯೇ ತಗ್ಗಿದ ದನಿಯಲ್ಲಿ, ಲ್ಯಾಬಿನಿಂದ ಇವನ್ನು ಹೊರಗೆ ತರುವುದು ನಿಯಮದ ಪ್ರಕಾರ ತಪ್ಪು, ಬೇರೆ ದಾರಿ ಇಲ್ಲದೆ ತಂದಿದ್ದೇನೆ, ಒಂದೇ ಒಂದು ವರ್ಷ ಇಲ್ಲಿರುತ್ತವೆ ಎಂದರು. ಹಾಗೆ ಹೇಳುವಾಗ ಕೈ ಸೀಸೆಗಳ ಮೇಲೆಯೇ ಇತ್ತು. ನಾನು ನೋಟೀಸನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದೆ. ಮಾರನೆಯ ದಿನದಿಂದ ಕಟ್ಟಡದಲ್ಲಿ ಆಕೆಗೆ ‘ಡಬ್ಬಿ ಡಾಕ್ಟ್ರು’ ಎಂದು ಹೆಸರಾಯಿತು. ಹೆಸರಿಟ್ಟದ್ದು ಯಾರೆಂದು ಹೇಳುವ ಅಗತ್ಯವಿಲ್ಲ.

ತಪ್ಪು ತಿಳಿದವನಿಗೆ ಸರಿಯಾಗಿ ತಿಳಿಯುವ ಚಪಲವೂ ಬರುತ್ತದೆ. ಒಂದು ಲೋಟ ಕಾಫಿಯ ನೆಪದಲ್ಲಿ ಹೋಗಿ ಕೂತು, ತಾಯಿಯಿಂದ ಅರ್ಧ ಮಗಳಿಂದ ಅರ್ಧ ಕೇಳಿ ತಿಳಿದುಕೊಂಡೆ. ಆಕೆಯ ತಂದೆ ಬಸ್ ಡಿಪೋದಲ್ಲಿ ಟಯರು ಬಿಚ್ಚಿ ಹಾಕುವ ಕೆಲಸದಲ್ಲಿದ್ದವರು, ಮಗಳು ಕಾಲೇಜಿನಲ್ಲಿರುವಾಗಲೇ ತೀರಿಕೊಂಡರು. ಮುಂದೆ ಓದಿಸಿದ್ದು ತಾಯಿಯ ಹಟ.

“ಡಾಕ್ಟರಾಗ್ಲಿ ಅಂತ ಓದಿಸಿದೆ ಕಣಪ್ಪ,” ಎಂದರು ತಾಯಿ. “ಡಾಕ್ಟರೇನೋ ಆದಳು. ರೋಗಿಗಳಿಗಲ್ಲ, ರೋಗಕ್ಕೆ.”

ಕೆಲಸ ಹೀಗೆ. ಒಂದು ಜಾತಿಯ ಬ್ಯಾಕ್ಟೀರಿಯಾ ತೆಗೆದುಕೊಂಡು ಅದರ ಜೀನುಗಳಲ್ಲಿ ಅಲ್ಲಲ್ಲಿ ಕೆಡಿಸುವುದು. ಕೆಟ್ಟ ಒಂದೊಂದನ್ನೂ ಬೇರೆ ಬೇರೆಯಾಗಿ ಬೆಳೆಸುವುದು. ತಟ್ಟೆಯ ಮೇಲೆ ಸಾಸಿವೆಯಷ್ಟು ಚುಕ್ಕೆಯಾಗಿ ಅವು ಬೆಳೆದ ಮೇಲೆ ಹಲ್ಲುಕಡ್ಡಿಯಿಂದ ಮುಟ್ಟಿ ಇನ್ನೊಂದು ತಟ್ಟೆಗೆ ಇಡುವುದು, ಔಷಧಿ ಹಾಕುವುದು, ಯಾವುದು ಬದುಕಿತು ನೋಡುವುದು. ಹೀಗೆ ನಲವತ್ತು ಸಾವಿರ ಸಲ. ಲ್ಯಾಬಿಗೆ ಹಲ್ಲುಕಡ್ಡಿಯ ಪೆಟ್ಟಿಗೆಗಳನ್ನು ತಂದುಹಾಕುತ್ತಿದ್ದ ಅಂಗಡಿಯವನು ಅದನ್ನು ದೊಡ್ಡದೊಂದು ಹೋಟೆಲೆಂದು ತಿಳಿದಿದ್ದನಂತೆ. ಹೀಗೆ ತಪ್ಪು ತಿಳಿದವನು ನಾನೊಬ್ಬನೇ ಅಲ್ಲವೆಂದು ಸಮಾಧಾನವಾಯಿತು.

ನಲವತ್ತು ಸಾವಿರದಲ್ಲಿ ಸಿಕ್ಕಿದ್ದು ಒಂದು. ಅದಕ್ಕೆ ಆಕೆ ಇಟ್ಟ ಸಂಖ್ಯೆ ನಾನೂರ ಹದಿನೇಳು. ಔಷಧಿ ಹಾಕಿದರೆ ಅದೂ ಉಳಿದವುಗಳಂತೆ ಸತ್ತಂತೆ ಕಾಣುತ್ತಿತ್ತು. ಔಷಧಿ ತೊಳೆದುಹಾಕಿ ಇಟ್ಟರೆ ಮೊದಲ ದಿನ ಏನಿಲ್ಲ, ಮೂರನೆಯ ದಿನವೂ ಏನಿಲ್ಲ, ಬೇರೆಯವರಾದರೆ ಅಷ್ಟರಲ್ಲಿ ತಟ್ಟೆ ಬಿಸಾಡುತ್ತಿದ್ದರು. ಆಕೆ ಬಿಸಾಡಲು ಮರೆತಿದ್ದರು. ಐದನೆಯ ದಿನ ತಟ್ಟೆಯ ತುಂಬ ಚುಕ್ಕೆಗಳು.

“ಅದು ಔಷಧಿಯನ್ನ ಸೋಲಿಸಿದ್ದಲ್ಲ ಸಾರ್. ಔಷಧಿ ಹೋಗೋ ತನಕ ಮಲಗಿತ್ತು ಅಷ್ಟೇ.”

ಲ್ಯಾಬಿನ ಹನ್ನೊಂದು ವರ್ಷಗಳಲ್ಲಿ ಏಳು ವರ್ಷ ಆಕೆ ಈ ಒಂದು ನಿದ್ದೆಯ ಹಿಂದೆ ಎಚ್ಚರವಾಗಿದ್ದರು. ಲೇಖನ ಬರೆದು ವಿಜ್ಞಾನದ ಪತ್ರಿಕೆಯೊಂದಕ್ಕೆ ಕಳಿಸಿದರು. ಪರಿಶೀಲಿಸಿದವರು ಚೆನ್ನಾಗಿದೆ ಎಂದು ಹೊಗಳಿ, ಕೆಟ್ಟಿರುವ ಜೀನು ಯಾವುದೆಂದು ಪತ್ತೆ ಮಾಡಿ ತೋರಿಸಿ, ಪ್ರಕಟಿಸೋಣ ಎಂದು ಬರೆದರು. ಆ ಕಾಗದ ಬಂದ ತಿಂಗಳೇ ಆಕೆಯ ಗುರುಗಳು ನಿವೃತ್ತರಾದರು. ಬೀಳ್ಕೊಡುಗೆಯ ದಿನ ಅವರು ವಿಜ್ಞಾನದ ಭವಿಷ್ಯದ ಬಗ್ಗೆ ಒಂದೂಕಾಲು ಗಂಟೆ ಮಾತಾಡಿದರಂತೆ. ಆಕೆಯ ಭವಿಷ್ಯದ ಬಗ್ಗೆ ಕೇಳಿದ್ದಕ್ಕೆ, “ಮುಂದಿನವರು ನೋಡ್ಕೋತಾರಮ್ಮ” ಎಂದರಂತೆ. ಮುಂದಿನವರು ಎಲೆಗಳ ತಜ್ಞರು. ಅವರಿಗೆ ಎಲೆ ಇಡಲು ಆಕೆಯ ಬ್ಯಾಕ್ಟೀರಿಯಾ ಇದ್ದ ಫ್ರೀಜರ್ ಬೇಕಿತ್ತು. ಹದಿನೈದು ದಿನದಲ್ಲಿ ಖಾಲಿ ಮಾಡಿ ಎಂದು ಚೀಟಿ ಅಂಟಿಸಿದರು. ಆ ಚೀಟಿಗೂ ಒಂದು ಮೊಹರು ಇತ್ತೆಂದು ಕೇಳಿ ನನ್ನ ಜೇಬು ಬಿಸಿಯಾಯಿತು.

ಆಗ ನೆರವಿಗೆ ಬಂದವರು ಲ್ಯಾಬಿನಲ್ಲಿ ಸೀಸೆ ತೊಳೆಯುವ ತಾತ. “ಈ ಫ್ರೀಜರು ನಿನ್ನೆ ಮೊನ್ನೆ ಬಂದದ್ದು. ಅದಕ್ಕಿಂತ ಮುಂಚೆ ನಾವು ಹೆಂಗೆ ಇಡ್ತಿದ್ವಿ ಗೊತ್ತೇನಮ್ಮ?” ಎಂದು ತೋರಿಸಿಕೊಟ್ಟರಂತೆ. ಸಣ್ಣ ಸೀಸೆಯಲ್ಲಿ ಅಗಾರ್ ಎಂಬ, ಜೆಲ್ಲಿಯ ಹಾಗೆ ಗಟ್ಟಿಯಾಗುವ ಪದಾರ್ಥ ತುಂಬುವುದು. ಬ್ಯಾಕ್ಟೀರಿಯಾ ಮುಟ್ಟಿಸಿದ ಸೂಜಿಯನ್ನು ನೆಟ್ಟಗೆ ಅದರೊಳಗೆ ಚುಚ್ಚಿ ತೆಗೆಯುವುದು. ಒಂದು ದಿನ ಬಿಟ್ಟರೆ ಸೂಜಿ ಹೋದ ದಾರಿಯಲ್ಲಿ ಬೆಳ್ಳನೆಯ ಗೆರೆ ಮೂಡುತ್ತದೆ. ಅದೇ ಜೀವ. ಆಮೇಲೆ ಮುಚ್ಚಳ ಬಿಗಿದು, ಕರಿ ಕಾಗದ ಸುತ್ತಿ, ಕತ್ತಲಲ್ಲಿ ಇಡುವುದು. “ಮುಟ್ಟಬೇಡ, ತೆಗೆದು ನೋಡಬೇಡ, ಮರೆತುಬಿಡು. ಹತ್ತು ವರ್ಷ ಆದ್ರೂ ಇರ್ತಾವೆ. ಮಕ್ಕಳಿಗಿಂತ ವಾಸಿ.”

ಆ ಅರವತ್ತು ಸೀಸೆಗಳು ಒಂದು ದೊಡ್ಡ ಬಿಸ್ಕತ್ತಿನ ಡಬ್ಬಿ ಸೇರಿ, ಡಬ್ಬಿ ಮಲಗುವ ಕೋಣೆಯ ಅಟ್ಟ ಸೇರಿತು. ತಾಯಿಗೆ ಪಾಠವಾಯಿತು. ಅಪ್ಪಿತಪ್ಪಿ ಸೀಸೆ ಒಡೆದರೆ ಕೈಗೆ ಗ್ಲೌಸ್ ಹಾಕಿಕೊಳ್ಳಬೇಕು, ಒಳಗಿನದು ಏನೇನಕ್ಕೆ ತಾಗಿದೆಯೋ ಅಷ್ಟನ್ನೂ ಹಳೇ ಕುಕ್ಕರಿಗೆ ಹಾಕಬೇಕು, ಕೂಗು ಬಂದ ಮೇಲೆ ಉರಿ ಸಣ್ಣದು ಮಾಡಿ ಗಡಿಯಾರ ನೋಡಿ ಇಪ್ಪತ್ತು ನಿಮಿಷ ಬಿಡಬೇಕು. ಕ್ರಿಮಿ ಕೊಲ್ಲಲು ಲ್ಯಾಬಿನ ಯಂತ್ರ ಮಾಡುವುದೂ ಅದನ್ನೇ. ಮಗಳು ಇದನ್ನೆಲ್ಲ ದಪ್ಪ ಅಕ್ಷರದಲ್ಲಿ ಬರೆದು ಅಡುಗೆಮನೆಯ ಕಪಾಟಿನ ಬಾಗಿಲ ಒಳಗೆ ಅಂಟಿಸಿದರು. ತಾಯಿ ಅದನ್ನು ಮೂರು ಸಲ ಓದಿ ಒಪ್ಪಿಸಿದರು. ನಾನೇ ಕೇಳಿದ್ದೇನೆ.

ಮುಂದಿನ ಸೋಮವಾರ ಆಕೆ ಹೊಸ ಕೆಲಸಕ್ಕೆ ಸೇರಿದರು. ಒಂದು ವರ್ಷದ ಮಟ್ಟಿಗೆ.

ಕೆಲಸದ ಹೆಸರು ಮೆಡಿಕಲ್ ಕಮ್ಯುನಿಕೇಷನ್ಸ್. ಏನು ಹಾಗೆಂದರೆ ಎಂದು ಕೇಳಿದೆ. “ಡಾಕ್ಟ್ರುಗಳು ಹೇಳೋ ಮಾತನ್ನ ಅವರು ಹೇಳೋಕೆ ಮುಂಚೆ ನಾವು ಬರೆದುಕೊಡೋದು,” ಎಂದರು. ಔಷಧಿ ಕಂಪನಿಗಳು ಇವರ ಆಫೀಸಿಗೆ ಕೆಲಸ ಒಪ್ಪಿಸುತ್ತವೆ. ಲೇಖನ, ಭಾಷಣದ ಹೊತ್ತಿಗೆ ಪರದೆಯ ಮೇಲೆ ತೋರಿಸುವ ಚಿತ್ರಗಳು, ವೈದ್ಯರಿಗೆ ಹಂಚುವ ಕೈಪಿಡಿ, ಎಲ್ಲ ಇಲ್ಲಿ ತಯಾರಾಗುತ್ತವೆ. ಒಬ್ಬ ಭಾರೀ ವೈದ್ಯರಿಗೆ ಆಕೆ ಒಂದು ಲೇಖನ ಬರೆದುಕೊಟ್ಟಾಗ ಅವರು ಓದಿ, “ನಾನು ಇಷ್ಟು ಚೆನ್ನಾಗಿ ಬರೀತೀನಿ ಅಂತ ನನಗೇ ಗೊತ್ತಿರ್ಲಿಲ್ಲ” ಎಂದರಂತೆ. ತಮಾಷೆಗೆ ಹೇಳಿದ್ದಲ್ಲ. ತಿದ್ದುಪಡಿ ಒಂದೇ, ಭಾವಚಿತ್ರ ಇನ್ನೂ ಸ್ವಲ್ಪ ದೊಡ್ಡದಾಗಿರಲಿ ಎಂದು.

ಬೂದು ಬಣ್ಣದ ಕಾರ್ಪೆಟ್ಟು, ಗಾಜಿನ ಗೋಡೆಗಳು, ಎಂಟೆಂಟು ಜನರಿಗೆ ಒಂದು ಉದ್ದ ಮೇಜು, ಮೂಲೆಯಲ್ಲಿ ನೀರಿನ ಯಂತ್ರ. ಎಲ್ಲೂ ಯಾವ ವಾಸನೆಯೂ ಇಲ್ಲ. ಮೊದಲ ತಿಂಗಳು ಆಕೆಗೆ ತಡೆಯಲಾಗದೆ ಹೋದದ್ದು ಅದೇ. ಮಧ್ಯಾಹ್ನ ಊಟದ ಹೊತ್ತಿಗೆ ಎದ್ದು ಹೋಗಿ ಸುಮ್ಮನೆ ಕೈ ತೊಳೆದುಕೊಂಡು ಬರುತ್ತಿದ್ದರಂತೆ. ಇಡೀ ದಿನ ಏನನ್ನೂ ಮುಟ್ಟಿರದ ಕೈ.

ಮೇಲಧಿಕಾರಿಗೆ ಆಫೀಸಿನವರು ಇಟ್ಟ ಹೆಸರು ‘ನಂಬರ್ ಮೇಡಂ’. ಅಲ್ಲಿ ಬರೆಯುವ ಪ್ರತಿಯೊಂದು ವಾಕ್ಯದ ತಲೆಯ ಮೇಲೂ ಚಿಕ್ಕದೊಂದು ನಂಬರು ಇರಬೇಕು. ಆ ಮಾತನ್ನು ಯಾರು, ಯಾವ ಪತ್ರಿಕೆಯಲ್ಲಿ, ಯಾವ ಪುಟದಲ್ಲಿ ಮೊದಲು ಹೇಳಿದ್ದಾರೆಂದು ಕೊನೆಯ ಪಟ್ಟಿಯಲ್ಲಿ ಆ ನಂಬರಿನ ಎದುರು ಇರಬೇಕು. ನಂಬರಿಲ್ಲದ ವಾಕ್ಯ ಎಷ್ಟೇ ನಿಜವಾದರೂ ಹೊರಗೆ. “ಸೂರ್ಯ ಪೂರ್ವಕ್ಕೆ ಹುಟ್ತಾನೆ ಅಂತ ಬರೆದ್ರೂ ನಂಬರ್ ಎಲ್ಲಿ ಅಂತಾರೆ,” ಎಂದು ಆಕೆ ಒಂದು ದಿನ ಹೇಳಿದರು. ದೂರಿನ ದನಿ ಇರಲಿಲ್ಲ. ಅಂಥ ಕಟ್ಟುನಿಟ್ಟು ಆಕೆಗೆ ಹೊಸದಲ್ಲ. ಎರಡನೆಯ ವರ್ಷಕ್ಕೇ ಇಡೀ ಆಫೀಸಿನಲ್ಲಿ ನಂಬರಿಲ್ಲದ ವಾಕ್ಯ ಹಿಡಿಯುವುದರಲ್ಲಿ ಆಕೆಯನ್ನು ಮೀರಿಸುವವರು ಇರಲಿಲ್ಲ.

ಎರಡನೆಯ ವರ್ಷ ಎಂದೆನಲ್ಲ, ಮೂರನೆಯದೂ ಬಂತು, ನಾಲ್ಕನೆಯದೂ. ಕೆಲವು ಕಡೆ ಲ್ಯಾಬುಗಳಿಗೆ ಅರ್ಜಿ ಹಾಕಿದರು. “ಇಷ್ಟು ದಿನ ಲ್ಯಾಬಿನ ಬೆಂಚಿನಿಂದ ದೂರ ಇದ್ದೀರಲ್ಲ” ಎಂಬ ಉತ್ತರ ಬಂತು. ಆಮೇಲೆ ಅದೂ ಬರಲಿಲ್ಲ. ಮೆಟ್ಟಿಲ ಮೇಲೆ ಸಿಕ್ಕಾಗ, “ಏನು ಡಾಕ್ಟ್ರೇ, ನಿಮ್ಮ ಬಾಡಿಗೆದಾರರು ಹೇಗಿದಾರೆ?” ಎಂದು ಅಟ್ಟದ ಕಡೆ ಕೈ ತೋರಿಸಿ ಕೇಳುತ್ತಿದ್ದೆ. “ಮಲಗಿದಾರೆ” ಎನ್ನುತ್ತಿದ್ದರು. ಮುಖದಲ್ಲಿ ಒಂದು ಗಳಿಗೆ ಏನೋ ಬೆಳಗುತ್ತಿತ್ತು. ಆ ದಿನ ಬದುಕುವುದಕ್ಕೆ ಅಷ್ಟು ಸಾಕು ಎಂಬ ಹಾಗೆ.

ಐದನೆಯ ವರ್ಷ ತಾಯಿಗೆ ಮೂತ್ರದ ಸೋಂಕು ಹತ್ತಿತು. ಜ್ವರ, ನಡುಕ. ಡಾಕ್ಟರು ದಿನಕ್ಕೆರಡರಂತೆ ಏಳು ದಿನಕ್ಕೆ ಗುಳಿಗೆ ಕೊಟ್ಟರು. ವಾಸಿಯಾಯಿತು. ಎರಡು ವಾರ ಬಿಟ್ಟು ಮತ್ತೆ ಬಂತು. ಮತ್ತೆ ಗುಳಿಗೆ, ಮತ್ತೆ ವಾಸಿ, ಮತ್ತೆ ಜ್ವರ. ಮೂರನೆಯ ಸಲ ಡಾಕ್ಟರು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ, “ಗುಳಿಗೆ ನುಂಗದೆ ಡಬ್ಬದಲ್ಲಿ ಕೂಡಿಟ್ರೆ ಗುಣ ಆಗಲ್ಲ ಅಜ್ಜೀ” ಎಂದರು.

ತಾಯಿಗೆ ಜ್ವರಕ್ಕಿಂತ ಹೆಚ್ಚು ತಾಗಿದ್ದು ಆ ಮಾತು. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದೊಂದೇ ಅವರ ಜೀವನದ ಹೆಮ್ಮೆ. ಗುಳಿಗೆಗೆ ಅಲಾರಂ ಇಟ್ಟುಕೊಂಡಿದ್ದ ಹೆಂಗಸು. ಗುಳಿಗೆಯ ಖಾಲಿ ಹಾಳೆಗಳನ್ನೆಲ್ಲ ರಬ್ಬರ್ ಬ್ಯಾಂಡ್ ಹಾಕಿ ಇಟ್ಟುಕೊಂಡಿದ್ದರು, ಒಂದೊಂದು ಗುಳಿಗೆ ಕಿತ್ತ ಜಾಗದಲ್ಲೂ ತಾರೀಖು. ನನ್ನ ಮುಂದೆ ಹರಡಿದರು.

“ಎಣಿಸು. ಒಂದಾದ್ರೂ ಬಿಟ್ಟಿದ್ರೆ ಹೇಳು. ನನ್ನ ಸುಳ್ಳಿ ಅಂದುಬಿಟ್ನಲ್ಲಪ್ಪ ಅವನು! ಇನ್ನು ಸತ್ರೂ ಅಲ್ಲಿಗೆ ಹೋಗಲ್ಲ.” ಆಮೇಲೆ ಮಗಳ ಕಡೆ ತಿರುಗಿ, “ನೀನು ಡಾಕ್ಟ್ರುಗಳಿಗೆ ಬುದ್ಧಿ ಹೇಳೋ ಪುಸ್ತಕ ಬರೀತೀಯಂತಲ್ಲ. ಬರಿ ಅದರಲ್ಲಿ. ನಮ್ಮಮ್ಮ ಎಲ್ಲಾ ನುಂಗಿದಾಳೆ ಅಂತ ಬರಿ.”

ಮಗಳು ಗುಳಿಗೆಯ ಹಾಳೆ ತಿರುಗಿಸಿ ಔಷಧಿಯ ಹೆಸರು ಓದುತ್ತಿದ್ದರು. ನಾನೂರ ಹದಿನೇಳಕ್ಕೆ ಹಾಕುತ್ತಿದ್ದದ್ದೂ ಅದೇ ಔಷಧಿ.

ಮುಂದಿನ ವರ್ಷ ಅದೇ ಔಷಧಿಯ ಕೈಪಿಡಿ ಮಾಡುವ ಕೆಲಸ ಆಕೆಯ ಮೇಜಿಗೇ ಬಂತು. ಅದರಲ್ಲೊಂದು ವಾಕ್ಯವಿತ್ತು: ‘ಗುಣವಾದ ಸೋಂಕು ಮರಳಿ ಬರಲು ಮುಖ್ಯ ಕಾರಣ ರೋಗಿಗಳು ಔಷಧಿಯನ್ನು ನಡುವೆ ನಿಲ್ಲಿಸುವುದು.’ ತಲೆಯ ಮೇಲೆ ನಂಬರು ಒಂಬತ್ತು. ಅದರ ಕೆಳಗೆ ಆಕೆ ತಾವೇ ಒಂದು ವಾಕ್ಯ ಸೇರಿಸಿದರು: ‘ಔಷಧಿಯನ್ನು ಪೂರ್ತಿಯಾಗಿ ತೆಗೆದುಕೊಂಡವರಲ್ಲೂ ಕೆಲವು ಬ್ಯಾಕ್ಟೀರಿಯಾಗಳು ಸಾಯದೆ ಮಲಗಿದ್ದು ಆಮೇಲೆ ಏಳಬಹುದು.’

ನಂಬರ್ ಮೇಡಂ ಕರೆದರು.

“ಇದಕ್ಕೆ ನಂಬರ್ ಎಲ್ಲಿ?”

“ನನ್ನದೇ ಕೆಲಸ ಮೇಡಂ. ಏಳು ವರ್ಷ ನೋಡಿದೀನಿ.”

“ಪ್ರಿಂಟ್ ಆಗಿದೆಯಾ?”

“ಇಲ್ಲ.”

“ಬೇರೆ ಔಷಧಿಗಳ ಮೇಲೆ ಬೇರೆಯವರು ಬರೆದಿದಾರೆ, ನನಗೂ ಗೊತ್ತು. ಈ ಔಷಧಿ ಮೇಲೆ ಯಾರೂ ಇಲ್ಲ. ನೀವು ನೋಡಿದ್ದು ನಿಮಗೆ ನಿಜ. ನಮಗೆ ಅದು ಬರೀ ಬಾಯಿಮಾತು.” ಹೀಗೆ ಹೇಳಿ, ಕ್ಯಾಲೆಂಡರ್ ನೋಡಿ, “ಅಚ್ಚಿಗೆ ಹೋಗೋಕೆ ಇನ್ನೂ ನಾಲ್ಕು ತಿಂಗಳಿದೆ. ಅಷ್ಟರಲ್ಲಿ ನಂಬರ್ ತಂದ್ರೆ ಇಡ್ತೀನಿ. ನನಗೂ ಇಷ್ಟವೇ” ಎಂದರಂತೆ. ಕೆಟ್ಟ ಹೆಂಗಸಲ್ಲ. ಕೆಟ್ಟವರಾಗಿದ್ದರೆ ಈ ಕಥೆ ಹೇಳುವುದು ನನಗೆ ಇನ್ನಷ್ಟು ಸಲೀಸಾಗುತ್ತಿತ್ತು.

ಆ ಸಂಜೆ ಆಕೆ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದರು. ಆರು ವರ್ಷದಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ. ಹಳೆಯ ಲ್ಯಾಬಿನಲ್ಲಿ ಆಕೆಯ ಕೈಕೆಳಗೆ ಕಲಿತ ಹುಡುಗಿಯೊಬ್ಬಳು ಈಗ ಊರಿನ ಇನ್ನೊಂದು ತುದಿಯ ಕಾಲೇಜಿನಲ್ಲಿ ಮೇಷ್ಟರು, ಸ್ವಂತದ್ದೊಂದು ಚಿಕ್ಕ ಲ್ಯಾಬು ಇದೆ. “ಬನ್ನಿ ಅಕ್ಕ, ಬೆಂಚು ಕೊಡ್ತೀನಿ” ಎಂದಿದ್ದಳು. ಕೆಟ್ಟ ಜೀನು ಯಾವುದೆಂದು ಹುಡುಕುವುದು ಆಗ ವರ್ಷಗಳ ಕೆಲಸ, ಈಗ ಯಂತ್ರಕ್ಕೆ ಒಂದು ವಾರದ್ದು. ಪತ್ರಿಕೆಯ ಹಳೆಯ ಕಾಗದ ಇದೆ, ಬರೆದ ಲೇಖನ ಇದೆ. ಸೀಸೆಯಲ್ಲಿ ಜೀವವೊಂದು ಇದ್ದರೆ ಆಯಿತು. ನನ್ನ ಕಾರು ಕೇಳಿದರು. ಸಂಘದ ಪರವಾಗಿ ಸಂತೋಷದಿಂದ ಎಂದೆ.

ಶನಿವಾರ ಬೆಳಗ್ಗೆ ನಾನು ಮೇಲೆ ಹೋದಾಗ ಆಕೆ ಸ್ಟೂಲು ಹತ್ತಿ ಡಬ್ಬಿ ಇಳಿಸುತ್ತಿದ್ದರು. ಮಂಚದ ಮೇಲೆ ಟವೆಲು ಹಾಸಿ ಅದರ ಮೇಲಿಟ್ಟರು. ಕರಿ ಕಾಗದ ಬಿಚ್ಚಿದರು. ಸೀಸೆಗಳು ಸಾಲಾಗಿ, ಕ್ರಮವಾಗಿ ಇದ್ದವು. ನಾನೂರ ಹದಿನೇಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದರು.

ತುಂಬ ಹೊತ್ತು ಹಿಡಿದಿದ್ದರು. ಆಮೇಲೆ ಪಕ್ಕದ್ದು ತೆಗೆದು ಹಿಡಿದರು. ಆಮೇಲೆ ಇನ್ನೊಂದು.

“ಏನಾಯ್ತು?” ಎಂದೆ.

“ಗೆರೆ ಇಲ್ಲ.”

ನಾನೂ ನೋಡಿದೆ. ಸೂಜಿ ಚುಚ್ಚಿದ ದಾರಿಯಲ್ಲಿ ಇರಬೇಕಾದ ಬೆಳ್ಳನೆಯ ಗೆರೆ ಒಂದರಲ್ಲೂ ಇರಲಿಲ್ಲ. ಒಳಗಿನ ಜೆಲ್ಲಿ ಒಂದೇ ಸಮ, ಸ್ವಲ್ಪ ಮಸುಕು, ಈಗ ತಾನೇ ಸುರಿದು ಗಟ್ಟಿಮಾಡಿದ ಹಾಗೆ. ಕರಗಿ ಮತ್ತೆ ಹೆಪ್ಪುಗಟ್ಟಿದರೆ ಮಾತ್ರ ಹಾಗಾಗುತ್ತದಂತೆ. ಅದು ಕರಗಬೇಕಾದರೆ ಕುದಿಯುವ ನೀರಿನಷ್ಟು ಬಿಸಿ ಬೇಕು.

ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಒಳಗೆ ಬಂದರು. “ಎಲ್ಲಾ ಸರಿಯಾಗಿದೆ ತಾನೇ? ಒಂದು ಕಮ್ಮಿ ಇರುತ್ತೆ, ಐವತ್ತೊಂಬತ್ತು.”

“ಯಾಕಮ್ಮ ಕಮ್ಮಿ?” ಮಗಳ ದನಿ ನನಗೇ ಸರಿಯಾಗಿ ಕೇಳಲಿಲ್ಲ.

“ಗೋಡೆಗೆ ಬಣ್ಣ ಹೊಡೆಸಿದ್ವಲ್ಲೇ, ಮೂರು ವರ್ಷ ಆಯ್ತು. ಆ ಪೇಂಟರು ಡಬ್ಬಿ ಬೀಳಿಸಿಬಿಟ್ಟ. ನೀನು ಆಫೀಸಲ್ಲಿದ್ದೆ. ಒಂದು ಒಡೀತು. ಒಳಗಿಂದೆಲ್ಲ ಮಿಕ್ಕ ಸೀಸೆಗೂ ಮೆತ್ಕೊಂಡಿತ್ತು. ನೀನು ಬರೆದು ಅಂಟಿಸಿದೀಯಲ್ಲ, ಹಾಗೇ ಮಾಡಿದೆ. ಮೊದಲು ಅವನನ್ನ ಹೊರಗೆ ಕಳಿಸಿದೆ. ಗ್ಲೌಸ್ ಹಾಕ್ಕೊಂಡೆ. ತಾಗಿದ್ದನ್ನೆಲ್ಲ ಕುಕ್ಕರಿಗೆ ಹಾಕಿ ಇಪ್ಪತ್ತು ನಿಮಿಷ. ಗಡಿಯಾರ ನೋಡ್ಕೊಂಡೇ ನಿಂತಿದ್ದೆ. ಮೂರು ಸಲ ಹಾಕ್ಬೇಕಾಯ್ತು, ಒಂದೇ ಸಲಕ್ಕೆ ಹಿಡಿಸಲಿಲ್ಲ. ಆಮೇಲೆ ಒರೆಸಿ, ನಂಬರ್ ಪ್ರಕಾರ ಜೋಡಿಸಿ ಇಟ್ಟೆ. ನೀನು ಸುಮ್ನೆ ಗಾಬರಿ ಆಗ್ತೀಯ ಅಂತ ಹೇಳಲಿಲ್ಲ. ನೋಡು, ಒಂದು ನಂಬರಾದ್ರೂ ಅಳಿಸಿದೆಯಾ?”

ಅಳಿಸಿರಲಿಲ್ಲ. ಲ್ಯಾಬಿನ ಪೆನ್ನು ಅಷ್ಟು ಒಳ್ಳೆಯದು.

ನಾನು ಕಿಟಕಿಯ ಹೊರಗೆ ನೋಡಿದೆ. ಕೆಳಗೆ ಯಾರೋ ಕಾರು ತೊಳೆಯುತ್ತಿದ್ದರು. ಮೂರು ವರ್ಷದಿಂದ ನಾನು ಮೆಟ್ಟಿಲ ಮೇಲೆ ಕೇಳಿದ್ದು, ಆಕೆ 'ಮಲಗಿದಾರೆ' ಎಂದದ್ದು, ಎಲ್ಲ ಬೆಂದವುಗಳ ಬಗ್ಗೆ.

“ಸರಿಯಾಗಿ ಮಾಡಿದೀಯಮ್ಮ,” ಎಂದರು ಮಗಳು. “ಹೇಳಿದ ಹಾಗೇ ಮಾಡಿದೀಯ.”

“ಮತ್ತೆ? ನನ್ನೇನು ಅಂದ್ಕೊಂಡೆ?” ತಾಯಿ ಖುಷಿಯಿಂದ ಅಡುಗೆಮನೆಗೆ ಹೋದರು.

ಆದರೂ ಹೋದೆವು. ಡಬ್ಬಿಯನ್ನು ಆಕೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾನು ದಾರಿಯುದ್ದಕ್ಕೂ ಗುಂಡಿ ತಪ್ಪಿಸಿ ಓಡಿಸಿದೆ, ಬೆಂದದ್ದಕ್ಕೆ ಗುಂಡಿಯಿಂದ ಏನಾಗಬೇಕು ಎಂದು ಯೋಚಿಸದೆ. ಲ್ಯಾಬಿನ ಬಾಗಿಲು ತೆರೆದಾಗ ಆ ಗಂಜಿಯ ವಾಸನೆ ಬಂತು. ಆಕೆ ಬಾಗಿಲಲ್ಲೇ ಒಂದು ಗಳಿಗೆ ನಿಂತರು. ಆಮೇಲೆ ಬಿಳಿ ಕೋಟು ಹಾಕಿಕೊಂಡು, ದೀಪ ಹಚ್ಚಿ, ತಂತಿ ಕಾಯಿಸಿ, ಐವತ್ತೊಂಬತ್ತು ಸೀಸೆಗಳಿಂದ ಐವತ್ತೊಂಬತ್ತು ತಟ್ಟೆಗಳಿಗೆ ಗೀರಿದರು. ಆರು ವರ್ಷ ಕಳೆದಿದ್ದರೂ ಕೈ ಒಮ್ಮೆಯೂ ತಡವರಿಸಲಿಲ್ಲ. ಆ ಮೇಷ್ಟರು ಹುಡುಗಿ ನನ್ನ ಪಕ್ಕ ನಿಂತು, “ನೋಡಿ ಸಾರ್, ಅಕ್ಕನ ಕೈ” ಎಂದು ಪಿಸುಗುಟ್ಟಿದಳು.

ಎರಡನೆಯ ದಿನ ಏನಿಲ್ಲ. ಮೂರನೆಯ ದಿನ ಏನಿಲ್ಲ. ಐದನೆಯ ದಿನಕ್ಕೆ ಆಕೆ ಆಫೀಸಿಗೆ ರಜೆ ಹಾಕಿ ಹೋದರು. ಏಳು, ಹತ್ತು. ಹೊರಗಿನ ಬೂಷ್ಟು ಕೂಡ ಒಂದು ತಟ್ಟೆಯಲ್ಲೂ ಬಂದಿರಲಿಲ್ಲ. “ಅಕ್ಕ, ಇಷ್ಟು ಶುದ್ಧ ಕೆಲಸ ನಾನು ನೋಡೇ ಇಲ್ಲ” ಎಂದಳಂತೆ ಹುಡುಗಿ, ಸಮಾಧಾನಕ್ಕೆ. ಯಂತ್ರಕ್ಕೆ ಹಾಕಿ ಜೀನುಗಳನ್ನಾದರೂ ಓದೋಣವೆಂದರೆ, ಅಷ್ಟು ಬೆಂದದ್ದರಲ್ಲಿ ಓದಲು ಬರುವಂಥದ್ದು ಏನೂ ಉಳಿದಿರಲಿಲ್ಲ. ಹಳೆಯ ಫ್ರೀಜರಿನ ತುಂಬ ಎಲೆಗಳಿದ್ದವು.

ಸೋಮವಾರ ಆಕೆ ಆಫೀಸಿಗೆ ಹೋಗಿ ತಮ್ಮ ವಾಕ್ಯವನ್ನು ತಾವೇ ಅಳಿಸಿದರು. ನಂಬರ್ ಮೇಡಂ ಕೇಳುವ ತನಕ ಕಾಯಲಿಲ್ಲ. ನಂಬರಿಲ್ಲದ ವಾಕ್ಯ ಹಿಡಿಯುವುದೇ ಆಕೆಯ ಕೆಲಸವಲ್ಲವೇ. ನಾನೂರ ಹದಿನೇಳು ಇತ್ತು ಎನ್ನುವುದಕ್ಕೆ ಈಗ ಆಕೆಯ ಮಾತೊಂದೇ ಆಧಾರ, ಆಕೆಯ ಮಾತಿಗೆ ನಂಬರಿಲ್ಲ.

ಕೈಪಿಡಿ ಅಚ್ಚಾಗಿ ಬಂತು. ನುಣುಪು ಕಾಗದ, ಭಾರೀ ವೈದ್ಯರ ದೊಡ್ಡ ಭಾವಚಿತ್ರ. ಆರನೆಯ ಪುಟದಲ್ಲಿ ರೋಗಿಗಳು ಔಷಧಿ ನಿಲ್ಲಿಸುವ ವಾಕ್ಯ, ತಲೆಯ ಮೇಲೆ ಒಂಬತ್ತು, ಹಾಗೇ ಇದೆ. ಒಂದು ಪ್ರತಿ ಮನೆಗೆ ಬಂತು. ನಾನು ಹೋದಾಗ ತಾಯಿ ಅದನ್ನು ಕನ್ನಡಕಕ್ಕೆ ಹತ್ತಿರ ಹಿಡಿದು ತಿರುವುತ್ತಿದ್ದರು.

“ಇದೇನೇ, ಇರುವೆ ಹರಿದಾಡಿದ ಹಾಗೆ ಇಂಗ್ಲಿಷ್ ಅಕ್ಷರ. ಒಂದೂ ಅರ್ಥ ಆಗಲ್ಲ.”

“ಡಾಕ್ಟ್ರುಗಳಿಗೆ ಬರೆದಿದ್ದಮ್ಮ.”

“ನನ್ನ ಮಾತು ಹಾಕಿದೀಯ ತಾನೇ? ಎಲ್ಲಾ ನುಂಗಿದ್ರೂ ಬರುತ್ತೆ ಅಂತ?”

ಹನ್ನೊಂದು ವರ್ಷ ಲ್ಯಾಬಿನಲ್ಲಿ, ಆರು ವರ್ಷ ಆಫೀಸಿನಲ್ಲಿ ಆಧಾರವಿಲ್ಲದ ಒಂದು ಮಾತನ್ನೂ ಬರೆಯದ ಹೆಂಗಸು ನನ್ನ ಮುಖವನ್ನೊಮ್ಮೆ ನೋಡಿದರು.

“ಹಾಕಿದೀನಿ.”

“ಹಾಗೆ ಮತ್ತೆ!” ತಾಯಿ ಕೈಪಿಡಿಯನ್ನು ಗುಳಿಗೆಯ ಖಾಲಿ ಹಾಳೆಗಳ ಜೊತೆ ಸೇರಿಸಿ, ಅದೇ ರಬ್ಬರ್ ಬ್ಯಾಂಡು ಹಾಕಿ, ಕೈಚೀಲದಲ್ಲಿಟ್ಟುಕೊಂಡರು. “ಮುಂದಿನ ತಿಂಗಳು ತಪಾಸಣೆ ಇದೆಯಲ್ಲ, ಹೋಗ್ತೀನಿ. ಅವನ ಮೇಜಿನ ಮೇಲೆ ಇಡ್ತೀನಿ. ಈಗ ಯಾರು ಸುಳ್ಳಿ ಅಂತ ಅವನೇ ಓದ್ಲಿ.”

ಮಗಳು ಕಿಟಕಿಯ ಕಡೆ ತಿರುಗಿ ನಿಂತರು. ನಾನು ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ.

ಆ ಭಾನುವಾರ ಮೆಟ್ಟಿಲ ಮೇಲೆ ಆಕೆ ಎದುರಾದರು. ಕೈಯಲ್ಲಿ ಬಿಸ್ಕತ್ತಿನ ಡಬ್ಬಿ, ಕೆಳಗೆ ಒಡೆದ ಗಾಜು ಹಾಕುವ ತೊಟ್ಟಿಗೆ ಹೊರಟಿದ್ದರು. ಏನಾದರೂ ಹೇಳಲೇಬೇಕು ಎನ್ನುವುದು ಕಾರ್ಯದರ್ಶಿಗಳಿಗೆ ಇರುವ ಕಾಯಿಲೆ.

“ಡಾಕ್ಟ್ರೇ,” ಎಂದೆ, “ನಿಮ್ಮದು ಸತ್ತ ಹಾಗೆ ಮಲಗಿ ಆಮೇಲೆ ಏಳೋ ಜಾತಿ ಅಂದಿದ್ರಲ್ಲ. ಕುಕ್ಕರಲ್ಲೂ ಒಂದಾದ್ರೂ ಹಾಗೇ ಮಲಗಿರಬಹುದಲ್ವಾ? ಇನ್ನೂ ಸ್ವಲ್ಪ ದಿನ ಇಟ್ಟು ನೋಡಿದ್ರೆ ಎದ್ದೇಳಬಹುದೇನೋ?”

ಆಕೆ ಡಬ್ಬಿಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

“ಇಲ್ಲ ಸಾರ್, ಬೆಂದಿವೆ. ದಾರಿ ಬಿಡಿ.”